ಯಾವ ನಾ?

ಅವಳು ಅಂದದ್ದು ಒಂದೇ ಅಕ್ಷರ. ಅದನ್ನು ನಂಬಿ ನಾವು ಮಗಳನ್ನು ದಾಂಡೇಲಿಯ ದೊಡ್ಡ ಶಾಲೆಯಿಂದ ಬಿಡಿಸಿ, ಕುಂಬಾರವಾಡದಿಂದಲೂ ಆಚೆಗಿನ ಒಂದು ಸಣ್ಣ ಹೈಸ್ಕೂಲಿಗೆ ಸೇರಿಸಿದೆವು. ಅಲ್ಲಿಗೆ ಹೋಗುವ ಮನಸ್ಸು ಅವಳಿಗೆ ಇತ್ತೇ, ಅಥವಾ ನಾವೇ ಅವಳನ್ನು ದೂರ ಕಳಿಸಿಬಿಟ್ಟೆವೇ ಎಂಬುದಷ್ಟೇ ನನಗೆ ಗೊತ್ತಾಗಬೇಕು. ಅದಕ್ಕಾಗಿ ಆ ದಿನವನ್ನು ಎಷ್ಟೋ ಸಲ ಬರೆದು ಹರಿದಿದ್ದೇನೆ. ಬರೆದಷ್ಟೂ ಅದು ಚೊಕ್ಕವಾಗುತ್ತ ಹೋಗುತ್ತದೆ. ಚೊಕ್ಕವಾದ ಮೇಲೆ ಅದು ನನ್ನ ಮಗಳ ದಿನವಾಗಿ ಉಳಿದಿರುವುದಿಲ್ಲ.

ಮೊದಲ ಸಲ ಬರೆದಾಗ ಮಳೆ ಬರುತ್ತಿತ್ತು. ನಿಜವಾಗಿ ಮಳೆ ಇರಲಿಲ್ಲ. ಅದು ಮೇ ತಿಂಗಳ ಕೊನೆ. ಜೋಯಿಡಾ ದಾಟಿದ ಮೇಲೆ ಬಸ್ಸಿನೊಳಗೆಲ್ಲ ಕೆಂಪು ಧೂಳು, ನನ್ನ ಸೀರೆಯ ನೆರಿಗೆಯಲ್ಲೂ ಧೂಳು. ಮಳೆಯನ್ನು ನಾನು ಮಾವಶಿ ತೀರಿಕೊಂಡ ದಿನದಿಂದ ಎತ್ತಿ ತಂದು ಇಲ್ಲಿ ಸುರಿದಿದ್ದೆ. ದುಃಖದ ದಿನಗಳೆಲ್ಲ ಒಂದರ ಬಟ್ಟೆ ಇನ್ನೊಂದು ತೊಟ್ಟುಕೊಂಡು ಬರುತ್ತವೆ.

ಹಾಗಾಗಿ ಮಾವಶಿಯಿಂದಲೇ ಶುರು ಮಾಡಬೇಕು.

ದಾಂಡೇಲಿಯ ಅಂಬೇವಾಡಿಯಲ್ಲಿ ನಮ್ಮ ಮನೆಯ ಗೋಡೆಗೆ ಗೋಡೆ ಹಚ್ಚಿದ ಮನೆ ಅವಳದು. ಗಂಡ ಇರಲಿಲ್ಲ, ಮಕ್ಕಳಿರಲಿಲ್ಲ. ಹಳೆಯ ಸೀರೆ, ಅಂಗಿ ಕೂಡಿಸಿ ಕೌದಿ ಹೊಲಿದು ಕೊಡುತ್ತಿದ್ದಳು. ಮಾತು ಕೊಂಕಣಿ; ನಮ್ಮೊಡನೆ ಮಾತ್ರ ಕನ್ನಡ. ಅವರ ಮಾತಿನಲ್ಲಿ ಚಿಕ್ಕಮ್ಮ ಎಂಬರ್ಥದಲ್ಲಿ ನಾವು ಅವಳನ್ನು ಮಾವಶಿ ಎನ್ನುತ್ತಿದ್ದೆವು, ಅಮ್ಮಾ ಎಂಬರ್ಥದಲ್ಲಿ ಅವಳು ನನ್ನನ್ನು ಬಾಯಿ ಎನ್ನುತ್ತಿದ್ದಳು. ನನ್ನ ಗಂಡ ಮಿಲ್ಲಿನಲ್ಲಿ ಪಾಳಿಯ ಕೆಲಸಗಾರ, ನಾನು ಬಸ್‌ ಸ್ಟ್ಯಾಂಡಿನ ಹತ್ತಿರ ಔಷಧಿ ಅಂಗಡಿಯ ಕೌಂಟರಿನಲ್ಲಿ. ಮಗಳು ನಡೆಯಲು ಕಲಿತದ್ದು ಮಾವಶಿಯ ಪಡಸಾಲೆಯಲ್ಲಿ. ಮಾತು ಕಲಿತದ್ದೂ ಅಲ್ಲೇ.

ನಾವು ಧಾರವಾಡ ಕಡೆಯವರು, ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ಸಂಜೆ ಕರೆದುಕೊಂಡು ಬಂದಾಗ ಮಗಳ ಕೈ ಮೂಸಿ ನೋಡುತ್ತಿದ್ದೆ.

“ಮಾವಶಿ, ಏನ್ ಉಣ್ಣಿಸಿದ್ರಿ ಇಕಿಗೆ?”

“ಬಟಾಟಿ ಭಾಜಿ, ಬಾಯಿ.”

“ಈ ಬಟಾಟಿ ಹೊಳ್ಯಾಗ ಈಜತಿತ್ತೇನು?”

“ಈಜೂ ಬಟಾಟಿ ಭಾಳ ರುಚಿ ಇರತೈತಿ. ನೀವು ಒಂದಿನ ತಿಂದ್ ನೋಡ್ರಿ.”

ನಾನು ಮಗಳ ಕೈಗೆ ಸೋಪು ಹಚ್ಚಿ ತೊಳೆಯುತ್ತಿದ್ದೆ. ಮನೆಯಲ್ಲಿ ಗಂಡನಿಗೆ ಹೇಳುತ್ತಿರಲಿಲ್ಲ. ಅವರಿಗೂ ಗೊತ್ತಿತ್ತು, ಅವರೂ ಹೇಳುತ್ತಿರಲಿಲ್ಲ.

ಮಗಳು ಇನ್ನೂ ತೊದಲುತ್ತಿದ್ದ ಕಾಲದಲ್ಲಿ ಒಂದು ಸಂಜೆ, “ಹಾಲು ಯಾರು ಕುಡೀತಾರ?” ಎಂದು ಕೇಳಿದೆ. “ನಾ” ಎಂದಳು. ಲೋಟ ತಂದು ಬಾಯಿಗೆ ಹಿಡಿದೆ. ಎರಡೂ ಕೈಯಿಂದ ತಳ್ಳಿದಳು. ಹಾಲು ನನ್ನ ಮಡಿಲಿಗೆ ಬಿತ್ತು. ಹೊಡೆಯಲು ಕೈ ಎತ್ತಿದ್ದೆ. ಬಾಗಿಲಲ್ಲಿ ನಿಂತಿದ್ದ ಮಾವಶಿ ಗೋಡೆ ಹಿಡಿದುಕೊಂಡು ನಕ್ಕಳು.

“ಬಾಯಿ, ಹೊಡೀಬ್ಯಾಡ್ರಿ. ಅದು ನಿಮ್ ನಾ ಅಲ್ಲ. ನಮ್ ನಾ.”

ನಮ್ಮಲ್ಲಿ ‘ನಾ’ ಎಂದರೆ ನಾನು. ಅವರಲ್ಲಿ ‘ನಾ’ ಎಂದರೆ ಬೇಡ, ಇಲ್ಲ. ಅಂದಿನಿಂದ ನಮ್ಮ ಎರಡು ಮನೆಗಳಲ್ಲಿ ಅದೊಂದು ತಮಾಷೆಯಾಯಿತು. ಮಗಳು ‘ನಾ’ ಎಂದಾಗಲೆಲ್ಲ ಯಾರಾದರೂ ಕೇಳುತ್ತಿದ್ದರು: “ಯಾವ ನಾ?” ಅವಳು ಎದೆ ಮುಟ್ಟಿ ತೋರಿಸಿದರೆ ನಮ್ಮ ನಾ; ಕೈ ಬೀಸಿದರೆ ಮಾವಶಿಯ ನಾ. ದೊಡ್ಡವಳಾದ ಮೇಲೂ ಆ ಆಟ ಬಿಡಲಿಲ್ಲ. ಗಂಡ ಪಾಳಿ ಮುಗಿಸಿ ಬಂದು ದಣಿದು ಕುಳಿತಿದ್ದಾಗಲೂ, “ಚಹಾ ಯಾರು ಕುಡೀತೀರಿ?” ಎಂದರೆ “ನಾ” ಎನ್ನುತ್ತಿದ್ದರು; ನಾವು ಮೂವರೂ ಒಟ್ಟಿಗೆ “ಯಾವ ನಾ?”

ಮಾವಶಿ ಒಂದು ಮಳೆಗಾಲದಲ್ಲಿ ಜ್ವರ ಬಂದು ಮಲಗಿದವಳು ಏಳಲಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಯಿಂದ ನೇರವಾಗಿ ಅವಳ ತವರೂರಿಗೆ, ಕುಂಬಾರವಾಡದ ಆಚೆಗೆ ಒಯ್ದರು. ಮಳೆಗೆ ರಸ್ತೆ ಕಿತ್ತುಹೋಗಿತ್ತು. ನಾವಿಬ್ಬರೂ ಜೀಪಿನಲ್ಲಿ ಹೋಗಿ ಬಂದೆವು. ಮಗಳಿಗೆ ಶಾಲೆಯಲ್ಲಿ ಪರೀಕ್ಷೆ ಇತ್ತು, ಕರೆದುಕೊಂಡು ಹೋಗಲಿಲ್ಲ. ಆಗ ಅವಳು ಏಳನೇ ಇಯತ್ತೆ.

ಆಮೇಲೆ ಅವಳು ಮಾತು ಬಿಟ್ಟಳು. ಹೀಗೆ ಬರೆದರೆ ಒಂದೇ ದಿನ ಬಿಟ್ಟಳೆಂದು ಅನ್ನಿಸುತ್ತದೆ. ಹಾಗಾಗಲಿಲ್ಲ. ನಲ್ಲಿಯ ನೀರು ಸಣ್ಣಗಾಗುವ ಹಾಗೆ ಆಯಿತು. ನಿಂತದ್ದು ಯಾವತ್ತು ಎಂದು ಹೇಳಲಾರೆ. ಕೇಳಿದ್ದಕ್ಕೆ ಹೂಂ, ಉಹೂಂ. ಶಾಲೆಯಿಂದ ಕರೆ ಬಂತು: ಕ್ಲಾಸಿನಲ್ಲಿ ಬಾಯಿ ಬಿಡುವುದಿಲ್ಲ, ಓದು ಎಂದರೆ ಎದ್ದು ನಿಂತು ಪುಸ್ತಕ ನೋಡುತ್ತಾಳೆ ಅಷ್ಟೇ. ಅಲ್ಲಿ ಒಂದೊಂದು ಕೋಣೆಯಲ್ಲಿ ಮಕ್ಕಳು ಒತ್ತೊತ್ತಾಗಿ ಕೂತಿರುತ್ತಿದ್ದರು. ಮಾತಾಡದ ಮಗು ಆ ಗದ್ದಲದಲ್ಲಿ ಯಾರಿಗೂ ತೊಂದರೆ ಕೊಡುವುದಿಲ್ಲ. ಧಾರವಾಡದ ಡಾಕ್ಟರು ಗಂಟಲು ನೋಡಿ, ಕಿವಿ ನೋಡಿ, ಎಲ್ಲ ಸರಿ ಇದೆ, ಕಾಯಿರಿ ಎಂದರು.

ಮಾವಶಿಯ ಅಣ್ಣನ ಹೆಂಡತಿ ಒಮ್ಮೆ ದಾಂಡೇಲಿಯ ಸಂತೆಗೆ ಬಂದವಳು ಮನೆಗೆ ಬಂದಳು. ಮಾವಶಿ ಅವಳನ್ನು ವಹಿನಿ ಎನ್ನುತ್ತಿದ್ದಳು. ನಾವೂ ಹಾಗೇ ಕರೆಯುತ್ತೇವೆ. ಮಗಳನ್ನು ಬಾಗಿಲಲ್ಲಿ ಕಂಡು, “ಯೋ ಗೋ” ಎಂದಳು. ಬಾ ಎಂದಷ್ಟೇ ಅರ್ಥ. ಮಗಳು ಹೋಗಿ ಅವಳ ಪಕ್ಕ ಕೂತಳು. ಎಷ್ಟೋ ತಿಂಗಳ ಮೇಲೆ ಅವಳು ಯಾರದೋ ಮೈಗೆ ಮೈ ತಾಗಿಸಿ ಕೂತದ್ದನ್ನು ನಾನು ನೋಡಿದೆ. ವಹಿನಿಯೇ ಆ ಹೈಸ್ಕೂಲಿನ ಸುದ್ದಿ ಹೇಳಿದ್ದು. ಮನೆಯ ಹಿಂದೇ ಇದೆ, ಮಕ್ಕಳು ಕಡಿಮೆ, ಎಲ್ಲ ನಮ್ಮ ಮಾತಿನವರೇ; ಒಳಗೆ ಮಾಸ್ತರರು ಕನ್ನಡದಲ್ಲಿ ಕಲಿಸುತ್ತಾರೆ, ಹೊರಗೆ ಮಕ್ಕಳು ಕೊಂಕಣಿ ಆಡುತ್ತಾರೆ. ಕೂಸು ನಮ್ಮ ಮನೆಯಲ್ಲೇ ಇರಲಿ ಎಂದಳು.

ಹಳಿಯಾಳದಲ್ಲಿರುವ ನನ್ನ ಅಕ್ಕ ಫೋನಿನಲ್ಲಿ ಕೇಳಿ ಸುಮ್ಮನಿರಲಿಲ್ಲ.

“ಏ ಹುಚ್ಚಿ, ಜಗತ್ತೆಲ್ಲಾ ಅಡವ್ಯಾಗಿನ ಮಕ್ಕಳ್ನ ಪ್ಯಾಟಿಗೆ ತರಾಕತ್ತೈತಿ. ನೀ ಪ್ಯಾಟ್ಯಾಗಿನ ಕೂಸಿನ್ನ ಅಡವಿಗೆ ಒಯ್ತಿಯಲ್ಲ.”

“ಅಲ್ಲಿ ಮಾತಾಡಿದ್ರ ಸಾಕಕ್ಕಾ.”

“ಮಾತಾಡಾಕ ಕಾಡಕೋಣ ಅದಾವು ಅಲ್ಲಿ. ಇಂಗ್ಲೀಷ್ ಬ್ಯಾರೆ ಕಲಸ್ತಾವು.”

ಆದರೂ ನೋಡಿಕೊಂಡು ಬರೋಣ ಎಂದು ಹೊರಟೆವು. ಇಲ್ಲಿಗೆ ಆ ದಿನ ಬಂತು.

ಆ ಊರಿಗೆ ಬರುವ ಬಸ್ಸು ಅಲ್ಲೇ ತಿರುಗಿ ಹೊರಟುಬಿಡುತ್ತದೆ. ಆಮೇಲೆ ಬಸ್ಸಿರುವುದು ಸಂಜೆಗೆ, ಅದೂ ಬಂದರೆ ಬಂತು. ಗಂಡನಿಗೆ ಮಧ್ಯಾಹ್ನದ ಪಾಳಿ. ಡ್ರೈವರನನ್ನು ಕೇಳಿಕೊಂಡದ್ದಕ್ಕೆ, “ಚಹಾ ಕುಡಿಯೂ ತನಕ ನಿಲ್ಲಸ್ತೇನ್ರಿ, ಹಾರ್ನ್ ಹೊಡದ್ರ ಓಡಿ ಬರಬೇಕು” ಎಂದ. ಒಂದು ಚಹಾದ ಹೊತ್ತಿನಲ್ಲಿ ನಾವು ಶಾಲೆ ಆರಿಸಿದೆವು. ಅರ್ಧ ಚಹಾ ಎಂದರೂ ನಡೆದೀತು. ವಹಿನಿಯ ಮನೆಗೆ ಹೋಗಲೂ ಸಮಯವಿರಲಿಲ್ಲ, ಅವಳೇ ಶಾಲೆಗೆ ಬಂದಿದ್ದಳು.

ಶಾಲೆ ಎಂದರೆ ಹಂಚಿನ ಒಂದು ಉದ್ದ ಕಟ್ಟಡ, ಮುಂದೆ ಜಗಲಿ, ಗಂಟೆಯ ಬದಲು ತೂಗುಹಾಕಿದ ರೈಲು ಹಳಿಯ ತುಂಡು. ಆಟದ ಬಯಲಿನ ಆಚೆ ಬೇಲಿ, ಬೇಲಿಯ ಆಚೆ ಹಲಸಿನ ಮರ, ಅದರ ಹಿಂದೆ ವಹಿನಿಯ ಮನೆಯ ಹಿತ್ತಲು. ಜಗಲಿಯಲ್ಲೇ ಸಿಕ್ಕ ಹೆಡ್‌ಮಾಸ್ತರರು ಮುಂಡಗೋಡ ಕಡೆಯವರು. ನಮ್ಮ ಮಾತು ಕೇಳಿ ಅವರ ಮುಖ ಅರಳಿತು.

“ಬರ್ರಿ ಬರ್ರಿ, ಕುಂಡ್ರಿ. ಎಷ್ಟು ದಿನಾ ಆತ್ರಿ ಇಂಥಾ ಕನ್ನಡ ಕೇಳಿ.”

ರಜೆಯಲ್ಲೂ ಅವರು ಊರೂರು ತಿರುಗಿ ಮಕ್ಕಳನ್ನು ಕೂಡಿಸುತ್ತಿದ್ದರು. ಮಕ್ಕಳು ಇನ್ನೂ ಕಡಿಮೆಯಾದರೆ ಎಂಟನೇ ಇಯತ್ತೆ ನಡೆಯುವುದೇ ಕಷ್ಟ ಎಂದು ಅವರೇ ಹೇಳಿದರು. “ಸುಳ್ಳ್ಯಾಕ ಹೇಳ್ಲಿ ಅಕ್ಕಾರ, ನಮಗೂ ಕೂಸು ಬೇಕಾಗೈತಿ. ಆದ್ರ ಒಲ್ಲದ ಕೂಸಿನ್ನ ನಾವು ತಗೊಳ್ಳೂದಿಲ್ಲ. ಅದರ ಬಾಯಿಂದನ ಬರಬೇಕು.”

ಆಮೇಲೆ ಮಗಳ ಕಡೆ ಬಾಗಿ, ನಗುತ್ತ ಕೇಳಿದರು: “ಈ ಸಾಲಿಗೆ ಯಾರವ್ವಾ ಬರಾವ್ರು? ನೀನೋ, ನಿಮ್ಮಪ್ಪನೋ?”

ಅವಳು ಹೇಳಿದಳು: “ನಾ.”

ನಾನು ನಕ್ಕೆ. ಜೋರಾಗಿಯೇ ನಕ್ಕಿರಬೇಕು. ಅಷ್ಟು ದಿನಗಳ ಮೇಲೆ ಅವಳ ಗಂಟಲಿನಿಂದ ಒಂದು ಶಬ್ದ ಬಂದಿತ್ತು, ಮತ್ತು ಅದು ನನ್ನ ಭಾಷೆಯ ಶಬ್ದವಾಗಿತ್ತು. ಹೆಡ್‌ಮಾಸ್ತರರೂ ನಕ್ಕು, “ಆತಲ್ಲ ಮತ್ತ, ಅಪ್ಪಾರು ಪಾರಾದ್ರು” ಎಂದರು. ಬಸ್ಸಿನ ಹಾರ್ನು ಕೇಳಿಸಿತು. ಓಡಿದೆವು.

ಯಾವ ನಾ ಎಂದು ಯಾರೂ ಕೇಳಲಿಲ್ಲ. ಮಾವಶಿ ಹೋದ ಮೇಲೆ ಆ ಪ್ರಶ್ನೆ ನಮ್ಮ ಮನೆಯಲ್ಲಿ ನಿಂತೇಹೋಗಿತ್ತು.

ಈಗ ಇದನ್ನು ಬರೆಯುವಾಗ ಅವಳು ಎದೆಯ ಮೇಲೆ ಕೈ ಇಟ್ಟುಕೊಂಡದ್ದು ನನಗೆ ಕಾಣುತ್ತದೆ. ಆ ಕೈಯನ್ನು ನಾನು ನಂಬುವುದಿಲ್ಲ. ಅದು ಹಾಲು ಚೆಲ್ಲಿದ ಮಗುವಿನ ಕೈ ಇರಬಹುದು.

ಜೂನಿನಲ್ಲಿ ಬಿಟ್ಟು ಬಂದೆವು. ಮನೆ ಸಣ್ಣದು, ಆದರೂ ಅವಳ ಮೂಲೆ ಖಾಲಿಯಾದ ಮೇಲೆ ಅದನ್ನು ಸುತ್ತುಬಳಸಿ ನಡೆಯುತ್ತಿದ್ದೆವು. ಊರಲ್ಲಿ ಫೋನು ಹತ್ತುವುದಿಲ್ಲ. ಭಾನುವಾರ ವಹಿನಿ ಅವಳನ್ನು ಕರೆದುಕೊಂಡು ಗುಡ್ಡ ಹತ್ತಿ ಫೋನು ಮಾಡುತ್ತಿದ್ದಳು. ಮಗಳು “ಅವ್ವಾ” ಎನ್ನುತ್ತಿದ್ದಳು. ಊಟ ಆಯಿತು ಎನ್ನುತ್ತಿದ್ದಳು. ಅಷ್ಟೇ. ಗಾಳಿಯ ಸದ್ದೇ ಹೆಚ್ಚು ಕೇಳುತ್ತಿತ್ತು.

ದಸರೆಗೆ ಮುಂಚೆ ಹೆಡ್‌ಮಾಸ್ತರರು ಜೋಯಿಡಾಕ್ಕೆ ಯಾವುದೋ ಮೀಟಿಂಗಿಗೆ ಬಂದವರು ಅಲ್ಲಿಂದ ಕರೆ ಮಾಡಿದರು.

“ಅಕ್ಕಾರ, ನಿಮ್ಮ ಮಗಳಿಗೆ ನಿನ್ನೆ ಬೈದೆ.”

“ಯಾಕ್ರಿ ಸರ್, ಏನ್ ಮಾಡಿದ್ಲು?”

“ಬಾಯಿ ಮುಚ್ಚು ಅಂತ ಬೈದೆ. ಗಣಿತದ ತಾಸಿನ್ಯಾಗ ಒಂದ ಸವನ ಮಾತಾಡ್ತಾಳ್ರಿ ಬಾಜೂದಾಕಿ ಜೋಡಿ.”

ನಾನು ಕೌಂಟರಿನಲ್ಲಿದ್ದೆ. ಎದುರಿಗೆ ಯಾರೋ ಕೆಮ್ಮಿನ ಔಷಧಿ ಕೇಳುತ್ತಿದ್ದರು. ಅವರಿಗೆ ಏನು ಕೊಟ್ಟೆನೋ ನೆನಪಿಲ್ಲ. ತಿರುಗಿ ಬಂದು ಬದಲಿಸಿಕೊಂಡು ಹೋದರು.

ಇಲ್ಲಿ ಕತೆ ಮುಗಿದಿದ್ದರೆ ಅಕ್ಕನಿಗೆ ಹೇಳಿಕೊಂಡು ತಿರುಗಬಹುದಿತ್ತು. ದೀಪಾವಳಿಗೆ ಮಗಳು ಮನೆಗೆ ಬಂದಳು. ಬಿಸಿಲಿಗೆ ಕಪ್ಪಾಗಿದ್ದಳು, ಎತ್ತರವಾಗಿದ್ದಳು. ಕಾಲು ತೊಳೆದು ಒಳಗೆ ಬಂದು, ತಟ್ಟೆಗೆ ಬಡಿಸಿದ್ದನ್ನು ಉಂಡು, ತಾನೇ ತೊಳೆದಿಟ್ಟಳು. ಏನು ಕೇಳಿದರೂ ನೆಂಟರ ಮನೆಗೆ ಬಂದವರ ಹಾಗೆ ಚಿಕ್ಕದಾಗಿ, ಮರ್ಯಾದೆಯಿಂದ ಉತ್ತರಿಸಿದಳು. ಸಂಜೆ ಗುಡ್ಡದ ಮೇಲಿಂದ ವಹಿನಿಯ ಫೋನು ಬಂತು. ಅದನ್ನು ಹಿಡಿದು ಅಂಗಳಕ್ಕೆ ಹೋದಳು. ಸ್ವಲ್ಪ ಹೊತ್ತಿಗೆ ಅವಳ ನಗು ಕೇಳಿಸಿತು. ಗೆಳತಿಯರ ಹೆಸರು ಹೇಳುತ್ತ, ಯಾರದೋ ದನಿ ಅಣಕಿಸುತ್ತ, ಮಾವಶಿಯ ತುಳಸಿಕಟ್ಟೆಯ ಸುತ್ತ ತಿರುಗುತ್ತ ಮಾತಾಡಿದಳು. ಎಲ್ಲ ಕೊಂಕಣಿ. ಮಾವಶಿಯ ಪಕ್ಕದಲ್ಲಿ ಅಷ್ಟು ವರ್ಷ ಇದ್ದೂ ನಾನು ಕಲಿತದ್ದು ಹತ್ತಾರು ಶಬ್ದ. ಬಾಗಿಲ ಹಿಂದೆ ನಿಂತು ಆ ಶಬ್ದಗಳಿಗಾಗಿ ಕಾದೆ. ‘ಶಾಳಾ’ ಬಂತು, ‘ಪಾವ್ಸ್’ ಬಂತು. ಶಾಲೆ, ಮಳೆ. ನನ್ನ ಮಗಳ ಬದುಕಿನಲ್ಲಿ ನನಗೆ ತಿಳಿದದ್ದು ಅಷ್ಟು.

ರಜೆ ಮುಗಿದು ಅವಳು ಹೋದ ಮೇಲೆ ಗಂಡ ಷರಟಿನ ಗುಂಡಿ ಹಾಕಿಕೊಳ್ಳುತ್ತ, ನನ್ನನ್ನು ನೋಡದೆ ಹೇಳಿದರು: “ಅಕಿ ಅವತ್ತ ಒಲ್ಲೆ ಅಂದಿದ್ಲು.”

“ಯಾವತ್ತು?”

“ಸಾಲಿ ಜಗಲಿ ಮ್ಯಾಲೆ. ಅಕಿ ‘ನಾ’ ಅಂದಿದ್ದು ಮಾವಶಿ ನಾ.”

“ಮತ್ತ ಆವಾಗ ಯಾಕ ಹೇಳಲಿಲ್ರಿ ನೀವು?”

“ನೀ ನಗಾಕತ್ತಿದ್ದಿ. ಅಷ್ಟು ದಿನದ ಮ್ಯಾಲೆ ನಕ್ಕಿದ್ದಿ ನೀನೂ. ಹೆಂಗ್ ಹೇಳ್ಲಿ?”

“ತಲಿ ಅಲ್ಲಾಡಿಸಿದ್ಲೇನು?”

“ಅಲ್ಲಾಡಿಸಿದಂಗ ಇತ್ತು.” ಚಪ್ಪಲಿ ಮೆಟ್ಟುವಾಗ ಮತ್ತೆ ಹೇಳಿದರು, “ಇಲ್ಲಾ, ನಾನ ಹಂಗ ಅನ್ಕೊಂಡೆನೋ ಏನೋ.”

ಅವರ ನೆನಪನ್ನೂ ನಾನು ನಂಬುವುದಿಲ್ಲ. ಮಗಳನ್ನು ಅಗಲಿ ಇದ್ದ ತಂದೆಗೆ ಅವಳು ಒಲ್ಲೆ ಎಂದಿರಬೇಕಿತ್ತು. ಹೆಡ್‌ಮಾಸ್ತರರಿಗೆ ಅವಳು ಬರುತ್ತೇನೆ ಎಂದಿರಬೇಕಿತ್ತು. ನನಗೆ ಅವಳು ಕನ್ನಡದಲ್ಲಿ ಏನನ್ನಾದರೂ ಅಂದಿರಬೇಕಿತ್ತು. ಒಂದು ಅಕ್ಷರವನ್ನು ಮೂವರೂ ನಮಗೆ ಬೇಕಾದ ಕಡೆಗೆ ಎಳೆದುಕೊಂಡಿದ್ದೆವು. ಅವಳನ್ನೇ ಕೇಳಬಹುದಿತ್ತು. ಒಲ್ಲೆ ಎಂದಿದ್ದೆ ಎಂದು ಹೇಳಿದರೆ? ಅಲ್ಲಿ ಅವಳಿಗೆ ಮಾತು ಬಂದಿತ್ತು. ಅದನ್ನು ಕಿತ್ತು ಇಲ್ಲಿಗೆ ತರುವ ಧೈರ್ಯ ನಮಗಿರಲಿಲ್ಲ. ಹಾಗೆ ಎಂಟು ಕಳೆಯಿತು, ಒಂಬತ್ತು ಕಳೆಯಿತು.

ಈ ವರ್ಷ ಹತ್ತನೇ ಇಯತ್ತೆಯ ಪರೀಕ್ಷೆ ಮುಗಿದ ಮೇಲೆ ಅವಳನ್ನು ಕರೆತರಲು ಒಬ್ಬಳೇ ಹೋದೆ. ಮುಂದೆ ದಾಂಡೇಲಿಯ ಕಾಲೇಜು ಎಂದು ನಾವು ಮನೆಯಲ್ಲಿ ಮಾತಾಡಿಕೊಂಡಿದ್ದೆವು. ಬಸ್ಸು ತಿರುಗಿ ನಿಂತಿತ್ತು, ಜನ ಆಗಲೇ ಹತ್ತುತ್ತಿದ್ದರು. ಕಿಟಕಿಯಿಂದ ಕೈ ಹಾಕಿ ಒಂದು ಸೀಟಿನ ಮೇಲೆ ನನ್ನ ಚೀಲ, ಪಕ್ಕದ ಸೀಟಿನ ಮೇಲೆ ಕರವಸ್ತ್ರ ಹಾಕಿ ಜಾಗ ಹಿಡಿದು, ವಹಿನಿಯ ಮನೆಗೆ ನಡೆದೆ.

ಮಗಳು ಗೆಳತಿಯರ ಮನೆಗೆ ಹೋಗಿದ್ದಳಂತೆ. ವಹಿನಿ ಹಿತ್ತಲಲ್ಲಿ ಬೇಲಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಕೊನೆಗೆ ಒಂದು ಕೌದಿ ತೆಗೆದು ನನ್ನ ಕೈಗೆ ಕೊಟ್ಟು, “ಇನ್ನೊಂದ್ ತುದಿ ಹಿಡೀರಿ ಬಾಯಿ” ಎಂದಳು. ಇಬ್ಬರೂ ಎರಡು ತುದಿ ಹಿಡಿದು ಮಡಚಿದೆವು. ಮಾವಶಿ ಹೊಲಿದದ್ದು. ಆಸ್ಪತ್ರೆಯಲ್ಲಿ ಅವಳ ಮೇಲೆ ಹೊದಿಸಿದ್ದು ಇದನ್ನೇ. ನಡುವೆ ನನ್ನ ಮಗಳ ಒಂದನೇ ಇಯತ್ತೆಯ ನೀಲಿ ಯೂನಿಫಾರ್ಮಿನ ತುಂಡುಗಳಿದ್ದವು.

“ಆ ದಿನಾನೂ ಇಲ್ಲೇ ಒಣಗಾಕ ಹಾಕಿದ್ದೆ” ಎಂದಳು ವಹಿನಿ. “ನೀವು ಸಾಲಿ ನೋಡಾಕ ಬಂದ ದಿನ. ಪೋರಿ ಜಗಲಿ ಮ್ಯಾಲೆ ನಿಂತು ಇದನ್ನ ನೋಡಿದ್ಲು. ಮಾಸ್ತರ ಏನ್ ಕೇಳಿದ್ರೋ ಅಕಿಗೆ ಕೇಳಿಸಲೇ ಇಲ್ಲ ಬಾಯಿ. ಇದನ್ನ ನೋಡಿದ್ಲು, ಮನಿ ನೋಡಿದ್ಲು, ಬಾಗಲಾ ನೋಡಿದ್ಲು. ಯಾರೂ ಹೊರಗ ಬರಲಿಲ್ಲ. ಆಮ್ಯಾಲೆ ‘ನಾ’ ಅಂದ್ಲು.”

ಕೊಂಕಣಿಯ ‘ನಾ’ ಬೇಡ ಎಂದಷ್ಟೇ ಅಲ್ಲ. ಮನೆಯಲ್ಲಿ ಇರಬೇಕಾದವರು ಇಲ್ಲದಾಗಲೂ ಅದೇ ಶಬ್ದ. ಮಾವಶಿ ನಾ. ಮಾವಶಿ ಇಲ್ಲ.

“ನೀವು ಯಾಕ ಹೇಳಲಿಲ್ಲ ವಹಿನಿ?”

“ನೀವೆಲ್ಲಾ ನಕ್ರಿ. ನಂಗ ಅಳು ಬಂತು. ಬಸ್ ಬ್ಯಾರೆ ಒದರಾಕತ್ತಿತ್ತು.”

ಕೌದಿ ನನ್ನ ಕೈಯಲ್ಲಿ ಇನ್ನೂ ಬೆಚ್ಚಗಿತ್ತು. ಮೂರನೆಯ ಈ ಮಾತನ್ನು ಕೂಡ ನಂಬಬಾರದೆಂದು ನನಗೆ ಗೊತ್ತು. ನಾದಿನಿಯನ್ನು ಕಳೆದುಕೊಂಡವಳಿಗೆ ಆ ‘ನಾ’ ಆ ಸಾವಾಗಿಯೇ ಕೇಳಿಸಿರಬಹುದು. ಆದರೆ ಇದೊಂದನ್ನು ಮಾತ್ರ ನನಗೆ ಹರಿದುಹಾಕಲು ಆಗಿಲ್ಲ.

ಮಗಳು ಬಂದಳು. ಟ್ರಂಕು ಕಟ್ಟಿರಲಿಲ್ಲ. ನಾನು ಕೇಳಿದೆ, ಮಾವಶಿ ಇದ್ದಾಗ ಕೇಳುತ್ತಿದ್ದ ದನಿಯಲ್ಲೇ ಕೇಳಲು ನೋಡಿದೆ: “ಅವತ್ತು ಹೆಡ್‌ಮಾಸ್ತರ್ ಕೇಳಿದಾಗ ‘ನಾ’ ಅಂದೆಲ್ಲ, ಯಾವ ನಾ?”

ಅವಳು ಬೇಲಿಯ ಆಚೆ ಶಾಲೆಯ ಜಗಲಿಯ ಕಡೆ ನೋಡಿದಳು.

“ನಾ ಏನೂ ಅಂದಿಲ್ಲವ್ವಾ ಅವತ್ತು.”

“ಅಂದಿ. ಎಲ್ಲಾರೂ ಕೇಳೇವಿ.”

“ಕೌದಿ ನೆನಪೈತಿ. ಮಾತಾಡಿದ್ದು ನೆನಪಿಲ್ಲ.” ಆಮೇಲೆ ನನ್ನ ಕೈಯಿಂದ ಕೌದಿ ತೆಗೆದುಕೊಂಡು ಎದೆಗೆ ಹಿಡಿದು ನಿಂತಳು. “ಜೋಯಿಡಾದಾಗ ಕಾಲೇಜ್ ಐತೆಲ್ಲ. ಗೆಳತ್ಯಾರೆಲ್ಲಾ ಅಲ್ಲೇ ಹೊಂಟಾರ. ನಾ ಇಲ್ಲೇ ಇರ್ತೇನವ್ವಾ. ಹಬ್ಬಕ್ಕ ಬರ್ತೇನಿ.”

ಇಷ್ಟು ಉದ್ದದ ಕನ್ನಡವನ್ನು ಅವಳ ಬಾಯಿಂದ ಕೇಳಿ ಎಷ್ಟೋ ವರ್ಷವಾಗಿತ್ತು. ಈ ಸಲ ‘ನಾ’ ಯಾವುದೆಂಬ ಅನುಮಾನಕ್ಕೆ ಎಡೆಯೇ ಇರಲಿಲ್ಲ. ನಾನು ಅವಳ ಕೂದಲು ಸರಿಮಾಡಿದೆ. ಕೈ ಮೂಸಲಿಲ್ಲ. ಬೇಕಿರಲಿಲ್ಲ, ಅಂಗಳದಲ್ಲೆಲ್ಲ ಮೀನು ಸಾರಿನ ವಾಸನೆ ಇತ್ತು. ಹಾರ್ನು ಕೇಳಿಸಿತು.

ಬಸ್ಸು ತುಂಬಿತ್ತು. ನನ್ನ ಚೀಲ, ಕರವಸ್ತ್ರ ಇಟ್ಟಲ್ಲೇ ಇದ್ದವು. ಅಲ್ಲಿ ಇಟ್ಟ ಕರವಸ್ತ್ರವನ್ನು ಯಾರೂ ಮುಟ್ಟುವುದಿಲ್ಲ, ನಿಂತುಕೊಂಡೇ ಹೋಗುತ್ತಾರೆ. ಕಿಟಕಿಯಿಂದ ನೋಡಿದೆ. ಬೇಲಿಯ ಹತ್ತಿರ ಅವಳು ನಿಂತಿದ್ದಳೋ, ವಹಿನಿ ನಿಂತಿದ್ದಳೋ, ಧೂಳಿನಲ್ಲಿ ಗುರುತಾಗಲಿಲ್ಲ.

ಕಂಡಕ್ಟರ್ ಜನರ ನಡುವೆ ತೂರಿಕೊಂಡು ಬಂದು, ಕರವಸ್ತ್ರ ತೋರಿಸಿ ಕೇಳಿದ: “ಇಲ್ಲಿ ಬರಾವ್ರು ಅದಾರೇನ್ರಿ?”

“ನಾ” ಎಂದೆ.

ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಕರವಸ್ತ್ರ ಎತ್ತಿ ನನ್ನ ಕೈಗೆ ಕೊಟ್ಟು, ಕಂಬ ಹಿಡಿದು ನಿಂತಿದ್ದ ಒಬ್ಬ ಮುದುಕಿಯನ್ನು ಅಲ್ಲಿ ಕೂರಿಸಿದ.